ಉಳ್ಳಾಗಡ್ಡಿಯಲ್ಲಿ ಹಸಿರು ಯಾಕಿಲ್ಲ?

ಕಲಬುರಗಿಯ ಮನೆಗಳಲ್ಲಿ ಏನಿಲ್ಲದಿದ್ದರೂ ರೊಟ್ಟಿ ಬುಟ್ಟಿಯ ಪಕ್ಕ ಉಳ್ಳಾಗಡ್ಡಿ ಇದ್ದೇ ಇರುತ್ತದೆ. ಹಾಗಾಗಿ ಪ್ರಯೋಗಕ್ಕೆ ಸಾಮಾನು ಹುಡುಕುವ ಕೆಲಸ ಇರಲಿಲ್ಲ. ಅಣ್ಣನ ಮಗಳು ಒಂಬತ್ತನೇ ಕ್ಲಾಸು. ಸಸ್ಯಕೋಶಕ್ಕೂ ಪ್ರಾಣಿಕೋಶಕ್ಕೂ ಏನು ವ್ಯತ್ಯಾಸ ಅಂತ ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಹಾಕಿಕೊಂಡು ಬಾಯಿಪಾಠ ಮಾಡುತ್ತಾ ಕೂತಿದ್ದಳು. ನನ್ನ ಹತ್ತಿರ ಡಿಗ್ರಿ ಓದುವಾಗ ಕೊಂಡ ಹಳೇ ಮೈಕ್ರೋಸ್ಕೋಪ್ ಇತ್ತು, ಧೂಳು ಒರೆಸಿ ತೆಗೆದೆ.

ಉಳ್ಳಾಗಡ್ಡಿಯ ಒಂದು ಪದರ ತೆಗೆದು ಲಟಕ್ಕನೆ ಮುರಿದರೆ ಒಳಮೈಗೆ ಅಂಟಿಕೊಂಡ ತೆಳ್ಳನೆ ಪೊರೆ ಪ್ಲಾಸ್ಟಿಕ್ ಹಾಳೆಯಂತೆ ಸುಲಿದು ಬರುತ್ತದೆ. ಅದನ್ನು ಗಾಜಿನ ಮೇಲೆ ಹಾಸಿ, ಒಂದು ಹನಿ ನೀರು, ಗಾಯಕ್ಕೆ ಹಚ್ಚುವ ಟಿಂಚರ್ ಅಯೋಡಿನ್ ಒಂದು ಹನಿ. ಕವರ್ ಸ್ಲಿಪ್ಪನ್ನು ಒಂದು ಕಡೆಯಿಂದ ಮೆಲ್ಲಗೆ ಇಳಿಸಬೇಕು, ಇಲ್ಲದಿದ್ದರೆ ಗಾಳಿಗುಳ್ಳೆ ಸೇರಿಕೊಂಡು ಮಕ್ಕಳು ಅದನ್ನೇ ಜೀವಕೋಶ ಅಂತ ಬರೆದುಕೊಳ್ಳುತ್ತಾರೆ. (ನಾನೂ ಬರೆದಿದ್ದೆ.) ಇಟ್ಟಿಗೆ ಜೋಡಿಸಿದ ಹಾಗೆ ಉದ್ದುದ್ದ ಕೋಶಗಳು, ಪ್ರತಿಯೊಂದರ ಅಂಚಿನಲ್ಲಿ ಕಂದು ಬಣ್ಣದ ಒಂದು ಚುಕ್ಕೆ. ಹುಡುಗಿ ತುಂಬಾ ಹೊತ್ತು ನೋಡಿ ಕೇಳಿದಳು: ‘ಕಾಕಾ, ಇದರಾಗ ಹಸಿರು ಯಾಕಿಲ್ಲ?’

ಒಳ್ಳೆ ಪ್ರಶ್ನೆ ಅಲ್ವಾ. ಪುಸ್ತಕದ ಸಸ್ಯಕೋಶದಲ್ಲಿ ಬೆಳಕು ಹಿಡಿದು ಗಿಡಕ್ಕೆ ಅಡುಗೆ ಮಾಡುವ ಕ್ಲೋರೋಪ್ಲಾಸ್ಟ್ ಹಸಿರು ಹಸಿರಾಗಿ ತೇಲುತ್ತಿರುತ್ತದೆ. ಆದರೆ ಉಳ್ಳಾಗಡ್ಡಿಯ ಒಳಪದರಕ್ಕೆ ಬೆಳಕೇ ತಾಗುವುದಿಲ್ಲ. ಅಲ್ಲಿ ಅಡುಗೆ ನಡೆಯುವುದಿಲ್ಲ, ಎಲೆ ಮಾಡಿ ಕಳಿಸಿದ್ದನ್ನು ಕೂಡಿಡುವುದಷ್ಟೇ ಕೆಲಸ. ನಮ್ಮ ಕೆಂಪು ರಕ್ತಕಣವೂ ಹಾಗೆಯೇ: ಬೆಳೆಯುವಾಗ ಕೋಶಕೇಂದ್ರವನ್ನೇ ಹೊರಗೆ ಹಾಕಿಬಿಡುತ್ತದೆ. ನಿಜ ಹೇಳಬೇಕೆಂದರೆ ಪುಸ್ತಕದಲ್ಲಿರುವ ಆ ಚಿತ್ರದಂಥ ಕೋಶ ಎಲ್ಲೂ ಇಲ್ಲ. ಒಂದು ತುಂಡು ಬೆಂಡಿನದು, ಒಂದು ಆರ್ಕಿಡ್ ಗಿಡದ್ದು, ಒಂದು ಗೂಬೆಯದು. ಮುನ್ನೂರು ವರ್ಷ ಬೇರೆ ಬೇರೆ ಜನ ಬೇರೆ ಬೇರೆ ಕಡೆ ಕಂಡದ್ದನ್ನೆಲ್ಲ ಸೇರಿಸಿ ಹೊಲಿದ ಕೌದಿ ಅದು.

ಮೊದಲ ತುಂಡು 1665ರದ್ದು. ಲಂಡನ್ನಿನ ರಾಬರ್ಟ್ ಹುಕ್ ಬಾಟಲಿಗೆ ಹಾಕುವ ಬೆಂಡನ್ನು ತೆಳ್ಳಗೆ ಕೊಯ್ದು ನೋಡಿದ. ಜೇನುಗೂಡಿನ ಥರ ಸಣ್ಣ ಸಣ್ಣ ಕೋಣೆಗಳು ಕಂಡವು, ಅವಕ್ಕೆ ‘ಸೆಲ್’ ಅಂದ. ಒಂದು ಘನ ಅಂಗುಲ ಬೆಂಡಿನಲ್ಲಿ ಇಂಥವು 120 ಕೋಟಿಗೂ ಜಾಸ್ತಿ ಇರಬೇಕೆಂದು ಲೆಕ್ಕವನ್ನೂ ಹಾಕಿದ. ಆದರೆ ಅವನು ಕಂಡದ್ದು ಸತ್ತ ಕೋಶಗಳ ಗೋಡೆ. ಬೀದರ್ ಕೋಟೆಗೆ ಹೋದರೆ ಗೋಡೆ, ಬಾಗಿಲು, ಕಂದಕ ಎಲ್ಲ ಕಾಣುತ್ತದೆ, ಆಳಿದವರು ಮಾತ್ರ ಇರುವುದಿಲ್ಲ. ಹುಕ್‌ಗೆ ಆದದ್ದೂ ಅದೇ. ಆ ಗೋಡೆಯನ್ನೇ ನಾವೀಗ ಕೋಶಭಿತ್ತಿ ಅನ್ನುತ್ತೇವೆ, ಸೆಲ್ಯುಲೋಸ್‌ನಿಂದ ಆದದ್ದು, ಪ್ರಾಣಿಕೋಶಕ್ಕೆ ಅದಿಲ್ಲ.

ಗೋಡೆ ಒಂದರಿಂದಲೇ ಗಿಡ ನೆಟ್ಟಗೆ ನಿಲ್ಲುವುದಿಲ್ಲ. ಕೋಶದ ನಡುವೆ ದೊಡ್ಡದೊಂದು ರಸದಾನಿ ಇರುತ್ತದೆ, ನೀರು ತುಂಬಿ ಒಳಗಿಂದ ಗೋಡೆಯನ್ನು ಒತ್ತಿ ಹಿಡಿಯುತ್ತದೆ. ಹೆಚ್ಚಿದ ಉಳ್ಳಾಗಡ್ಡಿಗೆ ಉಪ್ಪು ಹಚ್ಚಿಟ್ಟರೆ ತಟ್ಟೆಯಲ್ಲಿ ನೀರು ನಿಲ್ಲುವುದು, ಹೋಳು ಮೆತ್ತಗಾಗುವುದು ನೋಡಿದ್ದೀರಲ್ಲ, ಆ ನೀರು ಬಹುಪಾಲು ಬಂದದ್ದು ಇಲ್ಲಿಂದಲೇ.

ಕೋಣೆಯೊಳಗಿನ ಚುಕ್ಕೆಗೆ ಹೆಸರು ಸಿಗಲು ಹೆಚ್ಚುಕಡಿಮೆ 170 ವರ್ಷ ಹಿಡಿಯಿತು. 1831ರಲ್ಲಿ ರಾಬರ್ಟ್ ಬ್ರೌನ್ ಆರ್ಕಿಡ್ ಕೋಶಗಳಲ್ಲಿ ಅದನ್ನು ಮತ್ತೆ ಮತ್ತೆ ಕಂಡು ನ್ಯೂಕ್ಲಿಯಸ್ ಅಂದ, ನಮ್ಮ ಪುಸ್ತಕದ ಕೋಶಕೇಂದ್ರ. 1838ರಲ್ಲಿ ಶ್ಲೈಡನ್ ಗಿಡಗಳೆಲ್ಲ ಕೋಶಗಳಿಂದಲೇ ಆದವು ಅಂದ, ಮರುವರ್ಷ ಶ್ವಾನ್ ಪ್ರಾಣಿಗಳೂ ಹಾಗೆಯೇ ಅಂದ. ಇವರು ಹೇಳಿದ್ದೆಲ್ಲ ಸರಿಯಿರಲಿಲ್ಲ ಅನ್ನುವುದನ್ನು ಪುಸ್ತಕ ಹೇಳುವುದಿಲ್ಲ. ಸಕ್ಕರೆ ಪಾಕದಲ್ಲಿ ಹರಳು ಕಟ್ಟುವಂತೆ ಹೊಸ ಕೋಶ ತಾನಾಗಿ ಕಟ್ಟಿಕೊಳ್ಳುತ್ತದೆ ಅಂತ ಶ್ಲೈಡನ್ ನಂಬಿದ್ದ. ಕೋಶ ಹುಟ್ಟುವುದು ಇನ್ನೊಂದು ಕೋಶ ಒಡೆದೇ ಎಂದು ತೋರಿಸಿದವನು ರೆಮಾಕ್. 1855ರಲ್ಲಿ ಅದೇ ಮಾತನ್ನು ಸೂತ್ರ ಮಾಡಿ ಹೇಳಿದ ವಿರ್ಖೋಗೆ ಹೆಸರೆಲ್ಲ ಹೋಯಿತು.

ನನಗೆ ತುಂಬಾ ಇಷ್ಟವಾದದ್ದು ಗಾಲ್ಗಿಯ ಕಥೆ. ಬೀದರಿನವರಿಗೆ ಬೆಳ್ಳಿ-ಕಪ್ಪಿನ ಜೋಡಿ ಹೊಸದಲ್ಲ. ಬಿದ್ರಿ ಕೆಲಸದಲ್ಲಿ ಕೋಟೆಯ ಮಣ್ಣು ಬೆರೆಸಿದ ನೀರಿಗೆ ಹಾಕಿದಾಗ ಲೋಹ ಕಪ್ಪಾಗುತ್ತದೆ, ಕೂರಿಸಿದ ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಇಟಲಿಯ ಕಮಿಲ್ಲೊ ಗಾಲ್ಗಿಯದು ಉಲ್ಟಾ: ಅವನ ವಿಧಾನದಲ್ಲಿ ಬೆಳ್ಳಿಯ ಲವಣವೇ ಕೋಶದೊಳಗೆ ಕಪ್ಪಾಗಿ ಕೂರುತ್ತಿತ್ತು. 1898ರಲ್ಲಿ ಗೂಬೆಯ ನರಕೋಶಗಳಲ್ಲಿ ಹೀಗೆ ಕಪ್ಪು ಹಿಡಿಸಿದಾಗ ಒಳಗೊಂದು ಬಲೆಯಂಥದ್ದು ಕಂಡಿತು. ಜನ ನಂಬಲಿಲ್ಲ. ಅದು ಸುಮ್ನೆ ಬಣ್ಣದ ಕಲೆ, ನೀನೇ ಮಾಡಿದ್ದು ಅಂತ ವಾದಿಸಿದರು. ಆ ಜಗಳ ಒಂದಲ್ಲ ಎರಡಲ್ಲ, ಐವತ್ತು ವರ್ಷಕ್ಕೂ ಮೇಲೆ ನಡೆಯಿತು. ಗಾಲ್ಗಿ 1926ರಲ್ಲೇ ತೀರಿಕೊಂಡ. ತೀರ್ಪು ಬಂದದ್ದು 1950ರ ದಶಕದಲ್ಲಿ, ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಿಂದ: ಒಂದರ ಮೇಲೊಂದು ಪೇರಿಸಿದ ರೊಟ್ಟಿಗಳಂತೆ ಚಪ್ಪಟೆ ಚೀಲಗಳು ಸಾಲಾಗಿ ಕೂತಿದ್ದವು. ಪ್ರೋಟೀನುಗಳನ್ನು ಪ್ಯಾಕ್ ಮಾಡಿ, ವಿಳಾಸ ಹಚ್ಚಿ ಕಳಿಸುವ ಪಾರ್ಸೆಲ್ ಆಫೀಸು ಅದು, ನಮ್ಮ ಪುಸ್ತಕದ ಗಾಲ್ಗಿ ಸಂಕೀರ್ಣ. ಪರೀಕ್ಷೆಯಲ್ಲಿ ಅದಕ್ಕೆ ಒಂದು ಅಂಕ.

ಈ ಮೈಕ್ರೋಸ್ಕೋಪು ಬರದಿದ್ದರೆ ಚಿತ್ರ ಅರ್ಧಕ್ಕೇ ನಿಲ್ಲುತ್ತಿತ್ತು. ಬೆಳಕಿನ ಮೈಕ್ರೋಸ್ಕೋಪಿಗೆ ಸುಮಾರು 0.2 ಮೈಕ್ರಾನಿಗಿಂತ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಹತ್ತಿರ ಇರುವ ಎರಡು ಚುಕ್ಕೆ ಬೇರೆ ಬೇರೆ ಕಾಣುವುದಿಲ್ಲ, ಕೋಶದೊಳಗೆ ಪ್ರೋಟೀನು ತಯಾರಿಸುವ ರೈಬೋಸೋಮ್ ಅದಕ್ಕಿಂತಲೂ ಎಷ್ಟೋ ಸಣ್ಣದು. 1931ರಲ್ಲಿ ರುಸ್ಕ ಮತ್ತು ನೋಲ್ ಜರ್ಮನಿಯಲ್ಲಿ ಮೊದಲ ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಕಟ್ಟಿದರು, 1945ರಲ್ಲಿ ಒಂದು ಇಡೀ ಕೋಶದ ಚಿತ್ರ ಬಂತು. 1955ರ ಹೊತ್ತಿಗೆ ರೈಬೋಸೋಮನ್ನು ಪಲಾಡೆ ವಿವರಿಸಿದ್ದ, ಕಸ ಜೀರ್ಣಿಸುವ ಲೈಸೋಸೋಮಿಗೆ ಡಿ ಡ್ಯೂವ್ ಹೆಸರಿಟ್ಟಿದ್ದ.

ಇನ್ನು ಮೈಟೋಕಾಂಡ್ರಿಯ. ಹೆಸರು 1898ರದ್ದೇ, ‘ಕೋಶದ ಪವರ್‌ಹೌಸ್’ ಅನ್ನುವ ಬಿರುದು 1957ರದ್ದು. ನಮ್ಮ ಕಡೆ ಪವರ್‌ಹೌಸ್ ಅಂದರೆ ರಾಯಚೂರಿನ ಶಕ್ತಿನಗರ, ಮಕ್ಕಳಿಗೆ ಬೇಗ ಅರ್ಥವಾಗುತ್ತದೆ. ಆದರೆ ಅಲ್ಲೇ ಒಂದು ತಪ್ಪೂ ಹುಟ್ಟುತ್ತದೆ. ಸಸ್ಯಕ್ಕೆ ಕ್ಲೋರೋಪ್ಲಾಸ್ಟ್, ಪ್ರಾಣಿಗೆ ಮೈಟೋಕಾಂಡ್ರಿಯ ಅಂತ ಹಂಚಿಬಿಡುತ್ತಾರೆ. ಸಸ್ಯಕ್ಕೆ ಎರಡೂ ಬೇಕು. ಒಂದು ಬೆಳಕಿನಿಂದ ಸಕ್ಕರೆ ಮಾಡುತ್ತದೆ, ಇನ್ನೊಂದು ಆ ಸಕ್ಕರೆ ಉರಿಸಿ ಶಕ್ತಿ ತೆಗೆಯುತ್ತದೆ. ಹುಡುಗಿಯ ಟೇಬಲ್ಲಿನಲ್ಲೂ ಈ ತಪ್ಪಿತ್ತು, ರಬ್ಬರ್ ಕೊಟ್ಟೆ.

ಈ ಎರಡಕ್ಕೂ ತಮ್ಮದೇ ಡಿಎನ್ಎ ಇದೆ, ಎರಡು ಪದರದ ಪೊರೆ ಇದೆ, ಬ್ಯಾಕ್ಟೀರಿಯಾದಂತೆ ಒಡೆದು ಎರಡಾಗುತ್ತವೆ. ಯಾಕೆಂದರೆ ಕೋಟ್ಯಂತರ ವರ್ಷಗಳ ಹಿಂದೆ ಇವು ಬ್ಯಾಕ್ಟೀರಿಯಾಗಳೇ ಆಗಿದ್ದವು, ದೊಡ್ಡ ಕೋಶದೊಳಗೆ ಹೊಕ್ಕು ಅಲ್ಲೇ ಉಳಿದುಬಿಟ್ಟವು. ಈ ವಿಚಾರ ಹಳೆಯದು. ಅದನ್ನು ಗಟ್ಟಿಯಾಗಿ ಮಂಡಿಸಿದ ಲಿನ್ ಮಾರ್ಗುಲಿಸ್ ಅವರ ಲೇಖನವನ್ನು ಹಲವು ಪತ್ರಿಕೆಗಳು ವಾಪಸ್ ಕಳಿಸಿದ ಮೇಲೆ 1967ರಲ್ಲಿ ಒಂದು ಅಚ್ಚು ಹಾಕಿತು.

ಮೊನ್ನೆ ಮೊನ್ನೆ, 2024ರಲ್ಲಿ, ಸಮುದ್ರದ ಒಂದು ಪಾಚಿಯಲ್ಲಿ ಇಂಥದ್ದೇ ಇನ್ನೊಂದು ಭಾಗ ಗುರುತಿಸಿದರು. ಗಾಳಿಯ ಸಾರಜನಕವನ್ನು ಗೊಬ್ಬರ ಮಾಡಿಕೊಡುವ ಇದಕ್ಕೆ ನೈಟ್ರೋಪ್ಲಾಸ್ಟ್ ಅಂತ ಹೆಸರು. ಇದೂ ಒಂದು ಕಾಲದ ಬ್ಯಾಕ್ಟೀರಿಯಾವೇ, ಈಗ ಪಾಚಿ ಎರಡಾಗುವಾಗ ಜೊತೆಗೇ ಪಾಲಾಗುತ್ತದೆ.

ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ತೊಗರಿ. ಗಿಡ ಕಿತ್ತರೆ ಬೇರಿನಲ್ಲಿ ಗಂಟುಗಳಿರುತ್ತವೆ, ಒಂದನ್ನು ಉಗುರಿನಿಂದ ಒಡೆದರೆ ಒಳಗೆ ನಸುಗೆಂಪು. ಆ ಗಂಟಿನ ಕೋಶಗಳ ಒಳಗೂ ಇದೇ ಸಾರಜನಕದ ಕೆಲಸ ಮಾಡುವ ಬ್ಯಾಕ್ಟೀರಿಯಾಗಳಿವೆ. ಆದರೆ ಅವು ಇನ್ನೂ ಬಾಡಿಗೆಗೆ ಇರುವವರು, ಬೀಜದೊಳಗೆ ಸೇರಿ ಮುಂದಿನ ಗಿಡಕ್ಕೆ ಹೋಗುವುದಿಲ್ಲ, ಪ್ರತಿ ಗಿಡವೂ ಮಣ್ಣಿನಿಂದ ಹೊಸದಾಗಿ ಕರೆದುಕೊಳ್ಳಬೇಕು. ಮುಂಗಾರು ಬಂದಾಗ ಬೆಲ್ಲದ ನೀರಿನಲ್ಲಿ ರೈಝೋಬಿಯಂ ಎಂಬ ಆ ಬ್ಯಾಕ್ಟೀರಿಯಾಗಳ ಪುಡಿ ಕಲಸಿ, ತೊಗರಿ ಬೀಜಕ್ಕೆ ಹಚ್ಚಿ, ನೆರಳಲ್ಲಿ ಆರಿಸಿ ಬಿತ್ತುವುದು ಅದಕ್ಕೇ.