ಸೀಮೆಬದನೆಗೆ ಮೊದಲು ಚಪ್ಪರ

ಅಡುಗೆಮನೆಯ ಬುಟ್ಟಿಯಲ್ಲಿ ಮರೆತುಹೋದ ಸೀಮೆಬದನೆ ತಾನಾಗಿಯೇ ಬಾಯಿ ಬಿಟ್ಟು ಮೊಳಕೆ ಚಾಚುತ್ತದೆ. ಮಣ್ಣೂ ಬೇಡ, ನೀರೂ ಬೇಡ. ಕಾಯಿಯೊಳಗೆ ಇರುವುದು ಒಂದೇ ಚಪ್ಪಟೆ ಬೀಜ. ಕುಂಬಳದ ಬೀಜಕ್ಕಿರುವಂಥ ಗಟ್ಟಿ ಸಿಪ್ಪೆ ಅದಕ್ಕಿಲ್ಲ. ಬಿಡಿಸಿ ಒಣಗಿಸಿದರೆ ಸತ್ತೇಹೋಗುತ್ತದೆ. ಹಾಗಾಗಿ ನೆಡಬೇಕಾದ್ದು ಇಡೀ ಕಾಯಿಯನ್ನು.

ಹೆಸರಿಗೆ ಬದನೆ, ಕುಲದಲ್ಲಿ ಸೌತೆ-ಸೋರೆಯ ನೆಂಟ. ಮೂಲ ಮೆಕ್ಸಿಕೊ, ಗ್ವಾಟೆಮಾಲ ಕಡೆ. ನಾವು ಇದನ್ನು ‘ಸೀಮೆ’ಯದೆಂದು ದೂರ ಇಟ್ಟರೆ, ತಮಿಳರೂ ತೆಲುಗರೂ ಬೆಂಗಳೂರು ಬದನೆ ಎಂದು ನಮ್ಮ ತಲೆಗೇ ಕಟ್ಟಿದ್ದಾರೆ.

ಮೇ ಕೊನೆ ಅಥವಾ ಜೂನ್‌ನಲ್ಲಿ ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು, ಮೇಲ್ಮಣ್ಣಿಗೆ ಒಂದು ಬುಟ್ಟಿ ಕಳಿತ ಕೊಟ್ಟಿಗೆ ಗೊಬ್ಬರ, ಅರ್ಧ ಕಿಲೋ ಬೇವಿನ ಹಿಂಡಿ ಬೆರೆಸಿ ತುಂಬಿ. ಮೊಳಕೆ ಮೂರ್ನಾಲ್ಕು ಅಂಗುಲ ಬೆಳೆದ ಕಾಯಿಯನ್ನು ಓರೆಯಾಗಿ ಮಲಗಿಸಿ: ದಪ್ಪ ತುದಿ ಮಣ್ಣಿನಲ್ಲಿ, ತೊಟ್ಟಿನ ತುದಿ ಹೊರಗೆ, ಚಿಗುರು ಮೇಲಕ್ಕೆ. ಪೂರ್ತಿ ಹೂತು ದಿನಾ ನೀರು ಹೊಯ್ದರೆ ಬೇರಿಳಿಯುವ ಮೊದಲೇ ಕಾಯಿ ಕೊಳೆಯುತ್ತದೆ. ಎಲೆ ಬಿಡುವತನಕ ಮಣ್ಣು ಬರೀ ಹಸಿಯಾಗಿದ್ದರೆ ಸಾಕು.

ಚಪ್ಪರವನ್ನು ಅದೇ ವಾರ ಹಾಕಿಬಿಡಬೇಕು. ಆಮೇಲೆ ನೋಡೋಣ ಎಂದವರ ಬಳ್ಳಿ ಪಕ್ಕದ ನುಗ್ಗೆಮರ ಏರಿರುತ್ತದೆ. ಎತ್ತರ ಆರಡಿ, ಮೇಲೆ ಒಂದೊಂದು ಅಡಿಗೆ ತಂತಿಯ ಚೌಕ, ಮೂಲೆಗೆ ಕಲ್ಲುಕಂಬ ಇಲ್ಲವೇ ಕಬ್ಬಿಣದ ಪೈಪು. ಐವತ್ತು ಕಾಯಿ ಒಟ್ಟಿಗೆ ತೂಗಿದರೆ ಹದಿನೈದು ಕಿಲೋ. ಮಳೆಯಲ್ಲಿ ನೆಂದ ಎಲೆಯ ಭಾರ ಬೇರೆ. ಸಣಬಿನ ಹುರಿ ಇದನ್ನು ತಾಳದು.

ಬಳ್ಳಿ ಹಿಡಿದುಕೊಳ್ಳುವ ಬಗೆಯೇ ಸೊಗಸು. ಕವಲೊಡೆದ ಎಳೆ ತಂತು ತಂತಿಗೆ ತಾಗಿದ ಕೆಲ ನಿಮಿಷಗಳಲ್ಲೇ ಬಾಗತೊಡಗುತ್ತದೆ. ತುದಿ ಸುತ್ತಿಕೊಂಡ ಮೇಲೆ ನಡುಭಾಗ ಸ್ಪ್ರಿಂಗಿನಂತೆ ಸುರುಳಿಯಾಗಿ ಬಳ್ಳಿಯನ್ನು ಹತ್ತಿರಕ್ಕೆಳೆಯುತ್ತದೆ. ಎರಡೂ ತುದಿ ಕಟ್ಟಿಬಿದ್ದಿರುವುದರಿಂದ ಒಂದೇ ದಿಕ್ಕಿಗೆ ಸುತ್ತಿದರೆ ತಂತು ನುಲಿದು ಹರಿಯುತ್ತದೆ. ಆದ್ದರಿಂದ ಅರ್ಧ ಬಲಕ್ಕೆ, ಅರ್ಧ ಎಡಕ್ಕೆ. ಹಬ್ಬುವ ಗಿಡಗಳ ಈ ಜಾಣತನವನ್ನು ಡಾರ್ವಿನ್ 1865ರಲ್ಲೇ ವಿವರಿಸಿದ್ದ.

ಚಪ್ಪರ ಮುಟ್ಟಿದೊಡನೆ ಕುಡಿ ಚಿವುಟಿ, ಮೂರು-ನಾಲ್ಕು ಕವಲನ್ನು ದಿಕ್ಕಿಗೊಂದರಂತೆ ಹರಡಿ. ಚಿವುಟಿದ ಕುಡಿ ಪಲ್ಯಕ್ಕೆ.

ಜುಲೈನಲ್ಲಿ ಬರೀ ಸೊಪ್ಪು, ಹೂವೇ ಇಲ್ಲ ಎಂದು ಗೊಬ್ಬರ ಸುರಿಯುವುದು ದೊಡ್ಡ ತಪ್ಪು. ಹಗಲಿನ ಉದ್ದ ಸುಮಾರು 12 ಗಂಟೆಗೆ ಇಳಿದಾಗ ಹೂಬಿಡುವ ಬಳ್ಳಿ ಇದು. ಬೆಂಗಳೂರಿನಲ್ಲಿ ಜೂನ್ ಹಗಲು 12 ಗಂಟೆ 50 ನಿಮಿಷದಷ್ಟಿರುತ್ತದೆ. ಸೆಪ್ಟೆಂಬರ್ ಕೊನೆಗೆ ತಕ್ಕ ಹೊತ್ತು ಬರುತ್ತದೆ. ಯೂರಿಯಾ ಹಾಕಿದರೆ ಎಲೆ ಇನ್ನಷ್ಟು ಒತ್ತಾಗಿ, ಒಳಗೆ ಗಾಳಿಯಾಡದೆ ಬೂದಿರೋಗ ಬರುತ್ತದೆ, ಅಷ್ಟೆ. ಗಂಡುಹೂ ಗೊಂಚಲಲ್ಲಿ, ಹೆಣ್ಣುಹೂ ಸಾಮಾನ್ಯವಾಗಿ ಒಂಟಿಯಾಗಿ, ಎರಡೂ ಒಂದೇ ಬಳ್ಳಿಯಲ್ಲಿ. ಕಾಯಿ ಕಚ್ಚಲು ತುಡುವೆ, ಮುಜಂಟಿ ಜೇನು ಬರಬೇಕು. ಹೂವಿನ ಕಾಲದಲ್ಲಿ ಬೆಳಿಗ್ಗೆ ಔಷಧಿ ಹೊಡೆಯಬೇಡಿ.

ಎಳೆಗಾಯಿ ಸೊಟ್ಟಗಾಗಿ ಅಂಟು ಒಸರಿದರೆ ಹಣ್ಣುನೊಣ ಚುಚ್ಚಿದೆ ಎಂದರ್ಥ. ಮಾವಿಗೆ ಕಟ್ಟುವ ಮೀಥೈಲ್ ಯೂಜಿನಾಲ್ ಬಲೆಗೆ ಈ ನೊಣ ಬೀಳುವುದಿಲ್ಲ. ಸೌತೆ ಜಾತಿಯ ಬೆಳೆಗೆ ಮಾರುವ ಕ್ಯೂಲ್ಯೂರ್ ಬಲೆಯನ್ನೇ ಕೇಳಿ ತನ್ನಿ. ಉದುರಿದ ಕಾಯಿಯನ್ನು ತಿಪ್ಪೆಗೆಸೆದರೆ ಹುಳು ಅಲ್ಲೇ ಕೋಶವಾಗಿ ಮರಳಿ ಬರುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಬಿಸಿಲಿಗಿಡಿ. ನೀರು, ಗೊಬ್ಬರ ಸರಿಯಿದ್ದೂ ಬಳ್ಳಿ ಸೊರಗಿದರೆ ಬೇರು ಕೆದಕಿ ನೋಡಿ: ಗಂಟುಗಳಿದ್ದರೆ ಜಂತುಹುಳು ಹತ್ತಿದೆ. ಆ ಜಾಗ ಬಿಟ್ಟು ಬೇರೆಡೆ ಹೊಸ ಕಾಯಿ ನೆಡುವುದೇ ಮೇಲು.

ಕಾಯಿ ಕಚ್ಚಿದ ನಾಲ್ಕೈದು ವಾರಕ್ಕೆ ಕೊಯ್ಲು. ದಪ್ಪ ತುದಿಯ ಸೀಳು ಬಾಯಿ ತೆರೆದರೆ ನಾರು ಬಲಿತಿದೆ. ಅದನ್ನು ನೆಡಲು ಇಟ್ಟುಕೊಳ್ಳಿ. ಫಸಲು ಮುಗಿದ ಮೇಲೆ ಬಳ್ಳಿಯನ್ನು ನೆಲದಿಂದ ಎರಡು-ಮೂರಡಿ ಬಿಟ್ಟು ಕತ್ತರಿಸಿ, ಬುಡಕ್ಕೆ ಗೊಬ್ಬರ ಕೊಟ್ಟು ನೀರು ಹಾಯಿಸಿ. ಕೆಳಗೆ ಗೆಡ್ಡೆಗಟ್ಟಿದ ಬೇರಿನ ದಾಸ್ತಾನಿನಿಂದ ಹೊಸ ಚಿಗುರು ನುಗ್ಗುತ್ತದೆ. ಸಿಕ್ಕಿಂ, ಡಾರ್ಜಿಲಿಂಗ್ ಕಡೆ ಇದನ್ನು ಇಸ್ಕುಸ್ ಎನ್ನುತ್ತಾರೆ. ಅವರು ಆ ಗೆಡ್ಡೆಯನ್ನೂ ಬೇಯಿಸಿ ತಿನ್ನುತ್ತಾರೆ.