ರಿಪೋರ್ಟೆಲ್ಲ ನಾರ್ಮಲ್, ನೋವು ಮಾತ್ರ ಹೋಗಿಲ್ಲ: ಯಾವ ಡಾಕ್ಟರ್ ಹತ್ರ ಹೋಗಲಿ?

ಪ್ರಶ್ನೆ: ನನಗೆ 46 ವರ್ಷ. ರಾಜಾಜಿನಗರದಲ್ಲಿದ್ದೇನೆ. ಎರಡು ವರ್ಷದಿಂದ ಸೊಂಟ, ಕತ್ತು, ಭುಜ ಎಲ್ಲಾ ನೋವು. ಎಕ್ಸ್‌ರೇ, ಎಂಆರ್‌ಐ, ರಕ್ತಪರೀಕ್ಷೆ ಎಲ್ಲಾ ನಾರ್ಮಲ್. ‘ಏನೂ ಇಲ್ಲಮ್ಮಾ, ಟೆನ್ಷನ್ ಬಿಡಿ’ ಅಂತ ಕಳಿಸುತ್ತಾರೆ. ಮನೆಯವರೂ ಈಗ ಅದನ್ನೇ ಹೇಳುತ್ತಿದ್ದಾರೆ. ನನ್ನ ಮಾತು ಕೇಳುವ ಡಾಕ್ಟರನ್ನು ಹುಡುಕೋದು ಹೇಗೆ?

ಉತ್ತರ: ನಿಮ್ಮ ನೋವು ನಿಜ. ಮೊದಲು ಅದನ್ನು ಹೇಳಿಬಿಡುತ್ತೇನೆ, ಯಾಕಂದರೆ ಎರಡು ವರ್ಷದಲ್ಲಿ ಈ ಮಾತನ್ನು ನಿಮಗೆ ಯಾರೂ ಹೇಳಿದ ಹಾಗಿಲ್ಲ.

ಎಂಆರ್‌ಐಯಲ್ಲಿ ಡಿಸ್ಕ್, ಮೂಳೆ, ಗಡ್ಡೆ ಕಾಣುತ್ತವೆ. ನೋವು ಕಾಣೋದಿಲ್ಲ. ಡಿಸ್ಕ್ ಉಬ್ಬಿದ್ದರೂ ಆರಾಮಾಗಿ ಓಡಾಡುವವರು ಎಷ್ಟೋ ಜನ. ಸ್ಕ್ಯಾನ್ ಚೆನ್ನಾಗಿದ್ದೂ ನರಳುವವರೂ ಅಷ್ಟೇ ಜನ. ನೋವು ಮೂರು ತಿಂಗಳು ದಾಟಿದರೆ ಡಾಕ್ಟರುಗಳು ಅದನ್ನು ದೀರ್ಘಕಾಲದ ನೋವು ಅನ್ನುತ್ತಾರೆ. ಅಷ್ಟು ದಿನ ಉಳಿದ ನೋವಿನಿಂದ ನರಗಳು, ಬೆನ್ನುಹುರಿ, ಮೆದುಳು ತೀರಾ ಸೂಕ್ಷ್ಮ ಆಗಿಬಿಡಬಹುದು. ಆಗ ಸುಮ್ನೆ ಕೂತರೂ ನೋಯುತ್ತದೆ. 2022ರ ಜನವರಿಯಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ ದೀರ್ಘಕಾಲದ ನೋವಿಗೆ ಪ್ರತ್ಯೇಕ ಜಾಗವೇ ಇದೆ.

ಈಗ ಯಾರ ಹತ್ರ ಹೋಗೋದು? ಬೆಳಿಗ್ಗೆ ಎದ್ದಾಗ ಕೀಲು ಬಿಗಿದುಕೊಂಡು ಅರ್ಧ ಗಂಟೆ ಆದರೂ ಸಡಿಲ ಆಗದಿದ್ದರೆ, ಕೀಲು ಊದಿದ್ದರೆ, ರುಮಟಾಲಜಿಸ್ಟ್, ಅಂದರೆ ಕೀಲುವಾತದ ಡಾಕ್ಟರ್. ಮೈಯೆಲ್ಲ ನೋವು, ಸುಸ್ತು, ಮಲಗಿದ್ದರೂ ನಿದ್ದೆ ಆಗದ ಹಾಗೆ ಅನ್ನಿಸುವುದು, ಇದಕ್ಕೂ ಅವರೇ ಸರಿ. ಉರಿ, ಜೋಮು, ಕರೆಂಟ್ ಹೊಡೆದ ಹಾಗೆ ಆದರೆ ನ್ಯೂರಾಲಜಿಸ್ಟ್, ಅಂದರೆ ನರಗಳ ಡಾಕ್ಟರ್. ನಿಮ್ಹಾನ್ಸ್ ಅಂದ ಕೂಡಲೇ ಮಾನಸಿಕ ಆಸ್ಪತ್ರೆ ಅಂತ ಕೆಲವರು ಹಿಂದೇಟು ಹಾಕುತ್ತಾರೆ. ಅಲ್ಲಿ ನರ, ಬೆನ್ನುಹುರಿಯ ತೊಂದರೆಗಳನ್ನೂ ನೋಡುತ್ತಾರೆ, ಸಂಕೋಚ ಬೇಡ. ನೋವಿಗೇ ಅಂತ ತರಬೇತಿ ಪಡೆದವರು ಪೇನ್ ಕ್ಲಿನಿಕ್‌ಗಳಲ್ಲಿ ಸಿಗುತ್ತಾರೆ. ಇವರಲ್ಲಿ ಹೆಚ್ಚಿನವರು ಅರಿವಳಿಕೆ ವಿಭಾಗದಿಂದ ಬಂದವರು. ಕೋರಮಂಗಲದ ಸೇಂಟ್ ಜಾನ್ಸ್‌ನಲ್ಲಿ ಇಂಥ ವಿಭಾಗ ಇದೆ. ಹಾಗಂತ ಎಲ್ಲರ ಹತ್ರಾನೂ ಅಲೆಯಬೇಡಿ. ನಿಮ್ಮ ಏರಿಯಾದ ಫಿಸಿಷಿಯನ್ ಒಬ್ಬರನ್ನು ಮುಖ್ಯ ಡಾಕ್ಟರ್ ಅಂತ ಇಟ್ಟುಕೊಳ್ಳಿ. ಬೇರೆಯವರು ಬರೆದ ಮಾತ್ರೆಗಳೆಲ್ಲ ಅವರ ಕಣ್ಣಿಗೂ ಬೀಳಲಿ.

ಮೂತ್ರ, ಮಲದ ಹಿಡಿತ ತಪ್ಪಿದರೆ, ತೊಡೆ ಸಂದಿಯಲ್ಲಿ ಮರಗಟ್ಟಿದರೆ, ಕಾಲಲ್ಲಿ ಶಕ್ತಿ ಕುಂದಿದರೆ ಅಪಾಯಿಂಟ್‌ಮೆಂಟ್ ಕಾಯಬೇಡಿ. ಆ ದಿನವೇ ಎಮರ್ಜೆನ್ಸಿಗೆ ಹೋಗಿ.

ಒಳ್ಳೆ ಡಾಕ್ಟರನ್ನು ಗುರುತು ಹಿಡಿಯೋದು ಹೇಗೆ ಅಂದರೆ, ನಾನು ನೋಡೋದು ಇಷ್ಟು. ಫಿಲ್ಮ್ ಕವರ್ ತೆಗೆಯುವ ಮೊದಲು ನಿಮ್ಮನ್ನು ಮುಟ್ಟಿ ಪರೀಕ್ಷೆ ಮಾಡುತ್ತಾರಾ? ನಿದ್ದೆ ಹೇಗಿದೆ, ಯಾವ ಕೆಲಸ ಬಿಟ್ಟಿದ್ದೀರಿ ಅಂತ ಕೇಳುತ್ತಾರಾ? ಮತ್ತೆ ಯಾವಾಗ ಬರಬೇಕು, ಈ ಮಾತ್ರೆ ಕೆಲಸ ಮಾಡದಿದ್ದರೆ ಮುಂದೇನು ಅಂತ ಹೇಳುತ್ತಾರಾ? ‘ಪೂರ್ತಿ ಗುಣ ಮಾಡ್ತೀನಿ, ಪ್ಯಾಕೇಜ್ ತಗೊಳ್ಳಿ’ ಅನ್ನುವವರಿಂದ ದೂರ ಇರಿ. ‘ನೋವು ಒಂದಿಷ್ಟು ಕಡಿಮೆ ಮಾಡೋಣ, ನಿಮ್ಮ ಓಡಾಟ ಜಾಸ್ತಿ ಮಾಡೋಣ, ಟೈಮ್ ಹಿಡಿಯುತ್ತೆ’ ಅನ್ನುವವರನ್ನು ನಂಬಬಹುದು.

ಓಪಿಡಿಯಲ್ಲಿ ನಿಮಗೆ ಸಿಗೋದು ಕೆಲವೇ ನಿಮಿಷ. ಅದಕ್ಕೇ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ‘ತುಂಬಾ ನೋವು’ ಅಂತ ಬರೆದರೆ ಡಾಕ್ಟರಿಗೆ ಏನೂ ಗೊತ್ತಾಗಲ್ಲ. ಹೀಗೆ ಬರೆಯಿರಿ: ‘ಸಿಂಕ್ ಮುಂದೆ ಹತ್ತು ನಿಮಿಷ ನಿಂತರೆ ಸೊಂಟ ಹಿಡಿಯುತ್ತೆ, ಪಾತ್ರೆ ಅರ್ಧಕ್ಕೇ ಬಿಡ್ತೀನಿ. ಬಲಗೈ ಎತ್ತಿ ಜಡೆ ಹಾಕಿಕೊಳ್ಳೋಕೆ ಆಗಲ್ಲ. ಬಸ್ಸಲ್ಲಿ ಮೆಜೆಸ್ಟಿಕ್ ಬರೋಷ್ಟರಲ್ಲಿ ಕತ್ತು ಉರಿಯುತ್ತೆ. ರಾತ್ರಿ ಮೂರಕ್ಕೆ ಎಚ್ಚರ ಆಗುತ್ತೆ.’ ಕೆಳಗೆ ಈವರೆಗೆ ನುಂಗಿದ ಮಾತ್ರೆಗಳ ಹೆಸರು, ಯಾವುದರಿಂದ ಏನಾಯಿತು ಅಂತ ಇರಲಿ. ಮೆಡಿಕಲ್ ಶಾಪಲ್ಲಿ ಕೇಳಿ ತಗೊಂಡ ನೋವಿನ ಮಾತ್ರೆಗಳನ್ನೂ ಮುಚ್ಚಿಡಬೇಡಿ. ಡೈಕ್ಲೋಫೆನಾಕ್‌ನಂಥವನ್ನು ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆ, ಕಿಡ್ನಿ ಎರಡಕ್ಕೂ ಪೆಟ್ಟು. ಜೊತೆಗೆ ಕರೆದುಕೊಂಡು ಹೋಗುವವರು ನಿಮ್ಮ ನೋವನ್ನು ನಂಬುವವರೇ ಆಗಿರಲಿ. ‘ಇವಳದ್ದು ಯಾವಾಗಲೂ ಇದೇ’ ಅಂತ ಡಾಕ್ಟರ್ ಮುಂದೆ ಯಾರಾದರೂ ಅಂದರೆ ನಿಮ್ಮ ಬಾಯಿ ಅಲ್ಲಿಗೇ ಕಟ್ಟಿಹೋಗುತ್ತದೆ, ಅಲ್ವಾ?

ಡಾಕ್ಟರ್ ಅಮಿಟ್ರಿಪ್ಟಿಲಿನ್ ಅಥವಾ ಡುಲಾಕ್ಸೆಟಿನ್ ಬರೆಯಬಹುದು. ಫೋನಲ್ಲಿ ಹುಡುಕಿದರೆ ‘ಖಿನ್ನತೆಗೆ ಔಷಧಿ’ ಅಂತ ಬರುತ್ತದೆ. ನೋಡಿ ಬೇಜಾರು ಮಾಡಿಕೊಂಡು ಬಿಸಾಡಬೇಡಿ. ನೋವಿನ ಸಂಕೇತವನ್ನು ತಗ್ಗಿಸೋಕೂ ಇವನ್ನು ಕೊಡುತ್ತಾರೆ. ಪರಿಣಾಮ ತಿಳಿಯೋಕೆ ಕೆಲವು ವಾರ ಬೇಕು. ‘ಇದನ್ನು ನನಗೆ ಯಾಕೆ ಕೊಟ್ರಿ ಡಾಕ್ಟ್ರೇ?’ ಅಂತ ಕೇಳಿ. ಸಿಡುಕದೆ ಬಿಡಿಸಿ ಹೇಳಿದರೆ, ನೀವು ಹುಡುಕುತ್ತಿರುವ ಡಾಕ್ಟರ್ ಅವರೇ ಇರಬಹುದು.

ಎರಡು ಮೂರು ಸಲ ಹೋದ ಮೇಲೂ ನಿಮ್ಮ ಮಾತಿಗೆ ಬೆಲೆ ಇಲ್ಲ ಅನ್ನಿಸಿದರೆ ಬೇರೆ ಡಾಕ್ಟರ್ ನೋಡಿ. ಆದರೆ ಮತ್ತೆ ಮೊದಲಿಂದ ಸ್ಕ್ಯಾನ್ ಮಾಡಿಸಿ ದುಡ್ಡು ಕಳೆದುಕೊಳ್ಳಬೇಡಿ. ಹಳೇ ಆಸ್ಪತ್ರೆಯಿಂದ ನಿಮ್ಮ ದಾಖಲೆ ಬರವಣಿಗೆಯಲ್ಲಿ ಕೇಳಿ ತಗೊಳ್ಳಿ. ಕೇಳಿದ 72 ಗಂಟೆಯೊಳಗೆ ಕೊಡಬೇಕು ಅಂತ ವೈದ್ಯರ ನಡಾವಳಿಗೆ 2002ರಲ್ಲಿ ಮಾಡಿದ ನಿಯಮದಲ್ಲೇ ಇದೆ.