ಪುರಾಣದ ಚಪ್ಪಟೆ ಭೂಮಿ, ಸಿದ್ಧಾಂತದ ಗೋಳ ಭೂಮಿ: ಧರ್ಮ ಅಡ್ಡ ಬರಲಿಲ್ಲವೇ?

ಓದುಗರ ಪ್ರಶ್ನೆ: ಪುರಾಣಗಳು ಭೂಮಿಯನ್ನು ಚಪ್ಪಟೆಯೆಂದು ವರ್ಣಿಸಿರುವಾಗ, ಅವುಗಳನ್ನು ಗೌರವಿಸುತ್ತಿದ್ದ ನಮ್ಮ ಪ್ರಾಚೀನ ಗಣಿತಜ್ಞರು ಭೂಮಿ ಗೋಳವೆಂದು ಹೇಗೆ ಹೇಳಿದರು? ಧರ್ಮ ಅವರಿಗೆ ಅಡ್ಡ ಬರಲಿಲ್ಲವೇ?

ಉತ್ತರ: ಭೂಮಿಯ ಆಕಾರದ ವಿಷಯದಲ್ಲಿ ಬಹುಮಟ್ಟಿಗೆ ಅಡ್ಡ ಬರಲಿಲ್ಲ, ಗ್ರಹಣದ ವಿಷಯದಲ್ಲಿ ಖಂಡಿತವಾಗಿ ಬಂದಿತು.

ಭಾಗವತವು ವರ್ಣಿಸುವ ಭೂಮಂಡಲದ ವಿಸ್ತಾರ 50 ಕೋಟಿ ಯೋಜನ (ಯೋಜನವೆಂದರೆ ದೂರದ ಪ್ರಾಚೀನ ಅಳತೆ). ಅದರ ನಡುವೆ ಮೇರು, ಮೇರುವಿನ ಸುತ್ತ ಜಂಬೂದ್ವೀಪ, ಅದರಾಚೆ ಸಮುದ್ರಗಳಿಂದ ಬೇರ್ಪಟ್ಟ ಇನ್ನೂ ಆರು ದ್ವೀಪಗಳು. ಇದಕ್ಕೆ ಎದುರಾಗಿ, 5ನೇ ಶತಮಾನದ ಕೊನೆಯ ಹೊತ್ತಿಗೆ ಆರ್ಯಭಟನು ಭೂಮಿ ಎಲ್ಲ ಕಡೆಯಿಂದಲೂ ದುಂಡಗಿದೆ, ಅದರ ವ್ಯಾಸ 1,050 ಯೋಜನ ಎಂದು ಬರೆದನು. ಕದಂಬದ ಹೂವಿನ ಗುಂಡಿನ ಸುತ್ತ ಎಸಳುಗಳಿರುವಂತೆ ಭೂಗೋಳದ ಸುತ್ತಲೂ ಜೀವಿಗಳಿವೆ ಎಂದೂ ಹೇಳಿದನು. ಮುಂದಿನ ಸಿದ್ಧಾಂತಕಾರರೂ, ಎಂದರೆ ‘ಸಿದ್ಧಾಂತ’ಗಳೆಂಬ ಖಗೋಳಗಣಿತದ ಗ್ರಂಥಗಳನ್ನು ಬರೆದವರೂ, ಗೋಳವನ್ನೇ ಒಪ್ಪಿದರು.

ಪುರಾಣದೊಡನೆ ನೇರವಾಗಿ ವಾದಕ್ಕಿಳಿದವರಲ್ಲಿ ಎರಡನೆಯ ಭಾಸ್ಕರಾಚಾರ್ಯನ ತರ್ಕ ಅತ್ಯಂತ ಸ್ಪಷ್ಟವಾದುದು. 1114ರಲ್ಲಿ ಜನಿಸಿದ ಈತನ ಊರಾದ ವಿಜ್ಜಡವಿಡವನ್ನು ವಿಜಯಪುರ ಜಿಲ್ಲೆಯ ಬಿಜ್ಜರಗಿಯೆಂದು ಗುರುತಿಸುವ ವಿದ್ವಾಂಸರಿದ್ದಾರೆ. 1150ರ ‘ಸಿದ್ಧಾಂತ ಶಿರೋಮಣಿ’ಯ ಗೋಳಾಧ್ಯಾಯದಲ್ಲಿ ಆತ ಕೇಳುತ್ತಾನೆ: ಭೂಮಿಯನ್ನು ಏನೋ ಒಂದು ಹೊತ್ತಿದೆ ಎನ್ನುವುದಾದರೆ ಅದನ್ನು ಹೊತ್ತಿರುವುದು ಯಾವುದು? ಕೊನೆಯದೊಂದು ತನ್ನ ಶಕ್ತಿಯಿಂದಲೇ ನಿಲ್ಲುತ್ತದೆ ಎಂದು ಒಪ್ಪಬೇಕಾದಲ್ಲಿ, ಆ ಮಾತನ್ನು ಭೂಮಿಗೇ ಏಕೆ ಅನ್ವಯಿಸಬಾರದು? ನೆಲ ಸಮತಟ್ಟಾಗಿ ಕಾಣುವುದಕ್ಕೂ ಆತ ಕಾರಣ ಕೊಡುತ್ತಾನೆ: ದೊಡ್ಡ ವೃತ್ತದ ಪರಿಧಿಯ ನೂರನೆಯ ಒಂದು ಭಾಗ ನೇರವಾಗಿಯೇ ಕಾಣುತ್ತದೆ, ಮನುಷ್ಯನಿಗೆ ಕಾಣುವ ನೆಲ ಬಹಳ ಸ್ವಲ್ಪ. ನನ್ನ ದೃಷ್ಟಿಯಲ್ಲಿ ಇವೆಲ್ಲಕ್ಕಿಂತ ಬಲವಾದುದು ಅಳತೆಯ ವಾದ. ಉಜ್ಜಯಿನಿಯು ಭೂಮಧ್ಯರೇಖೆಯಿಂದ ಪರಿಧಿಯ ಹದಿನಾರನೆಯ ಒಂದು ಭಾಗದಷ್ಟು ದೂರದಲ್ಲಿದೆ. ಆ ದೂರವನ್ನು ಹದಿನಾರರಿಂದ ಗುಣಿಸಿದರೆ ಪರಿಧಿ ದೊರೆಯುತ್ತದೆ. ಹೀಗಿರುವಾಗ ಪುರಾಣದ ಕೋಟಿಗಟ್ಟಲೆ ಯೋಜನಗಳಿಗೆ ಆಧಾರವೆಲ್ಲಿ? ಗ್ರಹಣಗಳೂ ಗ್ರಹಗಳ ಉದಯಾಸ್ತಗಳೂ ಹೊಂದಿಕೊಳ್ಳುವುದು ಗಣಿತದಿಂದ ಬಂದ ಪರಿಧಿಗೇ ಹೊರತು ಬೇರೆಯದಕ್ಕಲ್ಲ ಎಂದು ಆತ ತೀರ್ಮಾನಿಸುತ್ತಾನೆ.

ಇಷ್ಟು ಹೇಳುವ ಸ್ವಾತಂತ್ರ್ಯ ದೊರೆತದ್ದರಲ್ಲಿ ಧರ್ಮದ ಅಗತ್ಯವೂ ಸೇರಿದೆ. ಯಜ್ಞ, ವ್ರತ, ಶ್ರಾದ್ಧಗಳಿಗೆ ತಿಥಿ ನಿಖರವಾಗಿ ಬೇಕಿತ್ತು, ಪುರಾಣದ ತಟ್ಟೆಯಂಥ ಭೂಮಿಯಿಂದ ಪಂಚಾಂಗ ಹುಟ್ಟುತ್ತಿರಲಿಲ್ಲ. ಮೇರುವನ್ನು ಉತ್ತರ ಧ್ರುವದಲ್ಲಿಯೂ ಲವಣಸಮುದ್ರವನ್ನು ಭೂಮಧ್ಯರೇಖೆಯ ಬಳಿಯಲ್ಲಿಯೂ ಇರಿಸಿ, ಪುರಾಣದ ಹೆಸರುಗಳನ್ನು ಸಿದ್ಧಾಂತಕಾರರು ಗೋಳದ ಮೇಲೆಯೇ ಉಳಿಸಿಕೊಂಡರು. ಭೂಮಿಯ ಆಕಾರ ಬದಲಾದುದರಿಂದ ಯಾವ ಆಚರಣೆಯೂ ಕೆಡಲಿಲ್ಲ.

ಗ್ರಹಣದ ಮಾತು ಬೇರೆ. ಗ್ರಹಣಕಾಲದ ಸ್ನಾನ, ದಾನ, ಜಪಗಳು ರಾಹುವಿನ ನಂಬಿಕೆಯೊಡನೆ ಹೆಣೆದುಕೊಂಡಿದ್ದವು. ಚಂದ್ರಗ್ರಹಣಕ್ಕೆ ಭೂಮಿಯ ನೆರಳು ಕಾರಣವೆಂದು ಆರ್ಯಭಟನೂ ವರಾಹಮಿಹಿರನೂ ಹೇಳಿದ್ದರು. ಆದರೆ 628ರಲ್ಲಿ ‘ಬ್ರಾಹ್ಮಸ್ಫುಟ ಸಿದ್ಧಾಂತ’ವನ್ನು ಬರೆದ ಬ್ರಹ್ಮಗುಪ್ತನು ಅವರಿಬ್ಬರ ಹೆಸರನ್ನೂ ಎತ್ತಿ, ರಾಹುವನ್ನು ನಿರಾಕರಿಸುವುದು ಲೋಕವಿರುದ್ಧ, ಅದು ವೇದ, ಸ್ಮೃತಿ, ಸಂಹಿತೆಗಳಿಗೆ ಹೊರತಾದುದು ಎಂದು ಖಂಡಿಸಿದನು, ಅದೇ ಗ್ರಂಥದಲ್ಲಿ ಗ್ರಹಣದ ಲೆಕ್ಕವನ್ನು ಮಾತ್ರ ನೆರಳಿನ ವ್ಯಾಸದಿಂದಲೇ ಮಾಡಿದನು. ಸುಮಾರು 1030ರಲ್ಲಿ ಭಾರತದ ಕುರಿತು ಬರೆದ ಮಧ್ಯ ಏಷ್ಯಾದ ವಿದ್ವಾಂಸ ಅಲ್ ಬಿರೂನಿ ಈ ವಿರೋಧಾಭಾಸವನ್ನು ಗಮನಿಸಿ ನೊಂದುಕೊಂಡನು. ಇಷ್ಟು ದೊಡ್ಡ ವಿದ್ವಾಂಸನು ಆತ್ಮಸಾಕ್ಷಿಗೆ ವಿರುದ್ಧವಾಗಿ ಮಾತನಾಡಲು ತನ್ನ ವಿಚಾರಗಳಿಗಾಗಿ ಮರಣದಂಡನೆಗೆ ಗುರಿಯಾದ ಗ್ರೀಕ್ ತತ್ತ್ವಜ್ಞಾನಿ ಸಾಕ್ರಟೀಸನಿಗೆ ಒದಗಿದಂಥ ವಿಪತ್ತೇ ಕಾರಣವಿರಬೇಕೆಂದು ಶಂಕಿಸಿದನು. ಬ್ರಹ್ಮಗುಪ್ತನನ್ನು ಯಾರಾದರೂ ಬೆದರಿಸಿದರೆಂದು ಹೇಳಲು ಇದಿಷ್ಟೇ ಸಾಲದು. ಆದರೂ ಆ ಶಂಕೆಯನ್ನು ನಾನು ಹಗುರವಾಗಿ ಕಾಣಲಾರೆ, ಏಕೆಂದರೆ ಬೆದರಿಕೆಯಿಲ್ಲದೆಯೂ ಸಮಾಜದ ಒಮ್ಮತವು ಒಬ್ಬ ವಿದ್ವಾಂಸನ ಲೇಖನಿಯನ್ನು ಬಾಗಿಸಬಲ್ಲುದು.

ಭೂಮಿಯ ಅಳತೆಯಲ್ಲಿ ಪುರಾಣವನ್ನು ನಿಷ್ಠುರವಾಗಿ ತಳ್ಳಿಹಾಕಿದ ಭಾಸ್ಕರನೂ ಇಲ್ಲಿ ಸಂಧಾನಕ್ಕೆ ಬಂದನು. ಗ್ರಹಣ ನೆರಳಿನಿಂದಲೇ ಆಗುತ್ತದೆ ಎಂದು ಸಾಧಿಸಿದ ಮೇಲೆ, ಬ್ರಹ್ಮನ ವರದಿಂದ ರಾಹುವು ಆ ನೆರಳನ್ನು ಹೊಕ್ಕು ಚಂದ್ರನನ್ನು ಮರೆಮಾಡುತ್ತಾನೆ, ಆದ್ದರಿಂದ ಆಗಮಗಳೊಡನೆ ವಿರೋಧವಿಲ್ಲ ಎಂದು ಅವನು ಬರೆದನು.